ಹುಳು ತಿನ್ನದ ಅಂಟು

ನಮ್ಮ ದೊಡ್ಡಮ್ಮನ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ಗಂಜಿ ಹಾಕಿದವು, ಇನ್ನೂ ಗಂಜಿ ಹಾಕದೆ ಉಳಿದವು. ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಯುಷ್ಯದ ಬಹುಪಾಲು ದುಡಿದು ನಿವೃತ್ತಿಯಾದವಳು. ಹಾಸಿಗೆಯ ಹೊದಿಕೆ, ಅಡುಗೆಯವರ ಬಿಳಿ ಕೋಟು, ಊಟದ ಮೇಜಿನ ನ್ಯಾಪ್ಕಿನ್ನು ಎಲ್ಲವೂ ಅವಳ ಕೈ ದಾಟಿಯೇ ಮೇಲಿನ ಮಹಡಿಗಳಿಗೆ ಹೋಗಬೇಕಿತ್ತು. ಹೋಟೆಲು ಅವಳನ್ನು ಬಿಟ್ಟಿತೇ ಹೊರತು ಅವಳು ಗಂಜಿಯನ್ನು ಬಿಡಲಿಲ್ಲ. ಮನೆಯ ಪರದೆ, ದಿಂಬಿನ ಚೀಲ, ನನ್ನ ಅಂಗಿಗಳ ಕಾಲರು, ಕೊನೆಗೆ ಅಡುಗೆಮನೆಯಲ್ಲಿ ಕೈ ಒರೆಸುವ ಬಟ್ಟೆ ಕೂಡ ಸೆಟೆದುಕೊಂಡು ನಿಂತಿರುತ್ತಿತ್ತು. ಆ ಬಟ್ಟೆ ನೀರು ಹೀರುವ ಗೋಜಿಗೇ ಹೋಗುತ್ತಿರಲಿಲ್ಲ. ನಾನು ಕೈಯನ್ನು ಲಂಗಕ್ಕೆ ಒರೆಸಿಕೊಂಡರೆ ಬೈಗುಳ ಬೇರೆ.

ನನ್ನ ಅಮ್ಮ ಅವಳ ತಂಗಿ. ಚಪ್ಪಲಿ ಅಂಗಡಿಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ, ಹತ್ತಿರವಾಗುತ್ತದೆಂದು ದೊಡ್ಡಮ್ಮನ ಮನೆಗೇ ಬಂದು ಸೇರಿಕೊಂಡೆ. ಬೀಗದ ಕೈ ಮಾಡುವ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ದಿನವಿಡೀ ಕೆಳಗಿನಿಂದ ಲೋಹ ಉಜ್ಜುವ ಸದ್ದು ಬರುತ್ತಿತ್ತು. ನನಗೂ ದೊಡ್ಡಮ್ಮನಿಗೂ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ನಾವಿಬ್ಬರೂ ಜಗಳವಾಡಿಕೊಂಡೇ ಚೆನ್ನಾಗಿದ್ದೆವು. ಜಗಳಕ್ಕೆ ಸಿಗದವರು ಅಂದರೆ ದೊಡ್ಡಪ್ಪ ಒಬ್ಬರೇ.

ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಸ್ ನಿಲ್ದಾಣದ ಪಕ್ಕ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಲಾಗದಂಥ ಗೂಡಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮುಟದಲ್ಲಿ ಎತ್ತಿ ಕೂರಿಸುವುದು ಅವರ ಬದುಕು. ಆ ಕಣ್ಣುಗಳೇ ಕೈಕೊಟ್ಟವು. ಒಳಗಿನ ನರ ಒಣಗುತ್ತಾ ಬಂದಿದೆ, ಹೋದ ದೃಷ್ಟಿ ಮರಳದು, ಉಳಿದಿರುವುದೂ ನಿಲ್ಲುವುದಿಲ್ಲ ಎಂದು ಡಾಕ್ಟರು ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ. ಅವಳು ಹೊರಗೆ ಬಂದು ಗಂಡನಿಗೆ ಹೇಳಿದ್ದು ಬೇರೆ. ತಪ್ಪದೆ ಹನಿ ಹಾಕಿಕೊಂಡರೆ ಸರಿಹೋಗುತ್ತದಂತೆ ಅಂದಳು.

ಅವರು ನಂಬಿದರು. ಆ ನಂಬಿಕೆಯಲ್ಲೇ ಅಂಗಡಿ ತೆರೆದುಕೊಂಡು ಕುಳಿತರು, ಕಾಣದಿದ್ದರೂ ಅಂದಾಜಿನ ಮೇಲೆ ಕೆಲಸ ಹಿಡಿದರು, ಯಾರದೋ ಅಪ್ಪನ ಕಾಲದ ಕೈಗಡಿಯಾರವನ್ನು ಸರಿಮಾಡಲು ಹೋಗಿ ಹಾಳುಗೆಡವಿದರು. ಕೊನೆಗೆ ಬೇರೆ ಆಸ್ಪತ್ರೆಯ ನರ್ಸೊಬ್ಬಳು ಇವರಿಗೆ ಗೊತ್ತಿದೆಯೆಂದುಕೊಂಡು ನಿಜವನ್ನು ಬಾಯಿಬಿಟ್ಟಳು. ದೊಡ್ಡಪ್ಪ ಹೆಂಡತಿಯ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಏನೇ ಒಳ್ಳೆಯ ಮಾತು ಹೇಳಿದರೂ "ಹೌದಾ" ಎಂದಷ್ಟೇ ಅಂದು ಸುಮ್ಮನಾಗುತ್ತಿದ್ದರು. ಇವತ್ತು ಬಿಸಿಲು ಹಿತವಾಗಿದೆ ಅಂದರೂ ಹೌದಾ. ನಿಮ್ಮ ಮುಖ ಇವತ್ತು ಗೆಲುವಾಗಿದೆ ಅಂದರೂ ಹೌದಾ. ಆ ಪದವನ್ನು ಕೇಳಿದಾಗಲೆಲ್ಲ ದೊಡ್ಡಮ್ಮನ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ನಾನು ಆ ಮನೆಗೆ ಹೋದಾಗ ದೊಡ್ಡಪ್ಪ ಪೂರ್ತಿ ಕತ್ತಲೆಯಲ್ಲಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೈಗೆ ಸಿಕ್ಕ ಕಾಗದದ ಚೂರುಗಳಿಂದ ಪುಟ್ಟ ಪುಟ್ಟ ಪೊಟ್ಟಣ ಕಟ್ಟುತ್ತಿದ್ದರು. ಬಿಚ್ಚಿದ ಗಡಿಯಾರದ ಸ್ಕ್ರೂಗಳನ್ನು ಕಟ್ಟಿಡುವಂಥ, ಅಂಟಿಲ್ಲದೆ ತಾನೇ ಮುಚ್ಚಿಕೊಳ್ಳುವ ಪೊಟ್ಟಣ. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಒಳಗೆ ಇಡಲು ಏನೂ ಇರಲಿಲ್ಲ.

ಅದನ್ನು ಗಮನಿಸಿದ್ದು, ದೃಷ್ಟಿ ಇಲ್ಲದವರಿಗೆ ಮನೆಗೇ ಬಂದು ಕೋಲು ಹಿಡಿದು ನಡೆಯುವುದನ್ನು ಕಲಿಸುತ್ತಿದ್ದ ಟೀಚರು. ಈ ಬೆರಳುಗಳಿಗೆ ಒರಿಗಾಮಿ ಬರುತ್ತದೆ ಎಂದು ಆಕೆ ಅಲ್ಲೇ ಅಂದರು. ಕತ್ತರಿ ಇಲ್ಲ, ಅಂಟಿಸುವುದಿಲ್ಲ, ಒಂದೇ ಚೌಕದ ಹಾಳೆಯನ್ನು ಮಡಿಸಿ ಮಡಿಸಿ ಹಕ್ಕಿ, ಕಪ್ಪೆ ಮಾಡುವ ವಿದ್ಯೆ. ದೊಡ್ಡಪ್ಪನ ಬೆರಳುಗಳನ್ನು ತಮ್ಮ ಬೆರಳ ಮೇಲೆ ಇರಿಸಿಕೊಂಡು ಮಡಿಸಿ ತೋರಿಸಿದರು. ದೊಡ್ಡಪ್ಪ ಹಕ್ಕಿಯನ್ನು ಅವತ್ತೇ ಕಲಿತರು, ಕಪ್ಪೆಯನ್ನು ಅದೇ ವಾರ. ಸ್ವಲ್ಪ ಕಾಲದಲ್ಲೇ ಟೀಚರಿಗೆ ಗೊತ್ತಿದ್ದದ್ದು ಖಾಲಿಯಾಗಿ, ಆಕೆ ಯಾರ್‍ಯಾರನ್ನೋ ಕೇಳಿ ಕಲಿತುಕೊಂಡು ಬರಬೇಕಾಯಿತು. ಊಟದ ಹೊತ್ತಿಗೆ ದೊಡ್ಡಪ್ಪ ಮಾತಾಡತೊಡಗಿದರು. ಕಪ್ಪೆಯ ಹಿಂಗಾಲಿನ ಬಗ್ಗೆ ಮಾತ್ರ, ನಿಜ. ಆದರೂ ಮಾತು ಮಾತೇ.

ಅವರಿಗೆ ಮಿಡತೆ ಮಾಡುವ ಹುಚ್ಚು ಹಿಡಿದದ್ದು ಆಮೇಲೆ. ಆರು ಕಾಲು, ಎರಡು ಮೀಸೆ, ಹಿಂದಿನ ಎರಡು ಕಾಲು ಮಂಡಿಯಲ್ಲಿ ಬಾಗಿ ಎದ್ದು ನಿಲ್ಲಬೇಕು. ಇಲ್ಲಿ ಕಾಗದ ತಕರಾರು ತೆಗೆಯಿತು. ದಪ್ಪ ಹಾಳೆ ತೆಗೆದುಕೊಂಡರೆ ಮಡಿಕೆಯ ಮೇಲೆ ಮಡಿಕೆ ಸೇರಿ ಕಾಲು ಹೋಗಿ ಕಂಬವಾಗುತ್ತಿತ್ತು. ತೆಳುವಾದದ್ದು ಬೇಕೆಂದು ನಾನು ಅಂಗಡಿಯಿಂದ ಹೊಸ ಚಪ್ಪಲಿಗಳಿಗೆ ಸುತ್ತಿ ಬರುವ ಬಿಳಿ ಟಿಶ್ಯೂ ಕಾಗದ ತಂದುಕೊಟ್ಟೆ. ಗಿರಾಕಿಗಳು ಅದನ್ನು ಹೇಗೂ ಕಾಲಡಿ ಎಸೆದು ಹೋಗುತ್ತಾರೆ. ಅದು ಉಸಿರು ಬಿಟ್ಟರೆ ಹಾರುವಷ್ಟು ತೆಳು, ಆದರೆ ಮೈಯಲ್ಲಿ ಬಿಗಿಯಿಲ್ಲ. ಮಡಿಸಿದರೆ ಮಡಿಕೆ ನಿಲ್ಲದು, ನಿಂತರೂ ಕಾಲು ಕುಸಿದು ಮಿಡತೆ ಹೊಟ್ಟೆಯ ಮೇಲೆ ಬೋರಲು ಬೀಳುತ್ತಿತ್ತು. ಟಿಶ್ಯೂವನ್ನು ಏನಾದರೂ ಅಂಟು ಬಳಿದು ಗಟ್ಟಿಮಾಡಿಕೊಳ್ಳುತ್ತಾರಂತೆ, ಯಾವ ಅಂಟು ಎಂದು ನನಗೆ ತಿಳಿಯದು ಅಂದರು ಟೀಚರು.

ದೊಡ್ಡಮ್ಮ ಅಡುಗೆಮನೆಯಿಂದಲೇ ನಕ್ಕಳು. ಹೋಟೆಲಿನ ನ್ಯಾಪ್ಕಿನ್ನನ್ನು ಬೀಸಣಿಗೆಯ ಹಾಗೆ, ಹಂಸದ ಹಾಗೆ ಮಡಿಸಿ ತಟ್ಟೆಯ ಮೇಲೆ ನಿಲ್ಲಿಸುತ್ತಾರಲ್ಲ, ಅದು ಯಾವ ಬಲದ ಮೇಲೆ ನಿಲ್ಲುತ್ತದೆ ಅಂದುಕೊಂಡಿರಿ ಎಂದು ಕೇಳಿದಳು. ಜೋಳದ ಪಿಷ್ಟವನ್ನು ತಣ್ಣೀರಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವಿ, ಹಳೆಯ ಬನಿಯನ್ನಿನಲ್ಲಿ ಸೋಸಿದಳು. ಟಿಶ್ಯೂವನ್ನು ತಟ್ಟೆಯ ಬೆನ್ನಿನ ಮೇಲೆ ಹರವಿ ಬ್ರಷ್ಷಿನಿಂದ ಗಂಜಿ ಸವರಿ, ಅರ್ಧ ಒಣಗಿದಾಗ ಮೇಲೊಂದು ಬಟ್ಟೆಯಿಟ್ಟು ಇಸ್ತ್ರಿ ಮಾಡಿದಳು. ಹಾಳೆ ಎತ್ತಿ ಅಲುಗಿಸಿದರೆ ಗರಗರ ಅಂದಿತು. ದೊಡ್ಡಪ್ಪ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ, ಇದು ಮಾತು ಕೇಳುವ ಕಾಗದ ಅಂದರು. ಅವರಿಂದ ಹೆಂಡತಿಯ ಕೆಲಸಕ್ಕೆ ಹೌದಾ ಎಂಬುದನ್ನು ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಅವತ್ತೆಲ್ಲ ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದಳು.

ಆ ಹಾಳೆಯಲ್ಲಿ ಮಿಡತೆ ಎದ್ದು ನಿಂತಿತು. ಎಷ್ಟೋ ಸಲ ಕೆಡಿಸಿ, ಎಷ್ಟೋ ಸಂಜೆ ಕುಳಿತು ಮಾಡಿದ ಮಿಡತೆ. ನಾನು ಸುಲಭಕ್ಕೆ ಏನನ್ನೂ ಹೊಗಳುವವಳಲ್ಲ, ಆದರೆ ಅದರ ಮುಂದೆ ಬಾಯಿ ಕಟ್ಟಿತು. ಈಗ ಹಾರೀತು ಎನಿಸುವ ಹಾಗೆ ಹಿಂಗಾಲು ಮಡಿಸಿಕೊಂಡು ಕುಳಿತಿತ್ತು. ಟೀಚರು ಬೇರೆ ಊರಿಗೆ ಕೆಲವು ತಿಂಗಳ ತರಬೇತಿಗೆ ಹೋಗಿದ್ದರು. ಅವರು ಬಂದ ಮೇಲೆ ಅವರ ಕೈಗೇ ಕೊಡಬೇಕೆಂದು ದೊಡ್ಡಪ್ಪ ಮಿಡತೆಯನ್ನು ಒಂದು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದರೆ ಮೀಸೆ ಮುರಿದೀತೆಂದು ಹಾಗೆಯೇ ಬಟ್ಟೆಯ ಬೀರುವಿನ ತಳದಲ್ಲಿ ಇರಿಸಿದರು. ಧೂಳಿಲ್ಲ, ಯಾರ ಕೈಯೂ ತಾಗುವುದಿಲ್ಲ ಎಂದು ಆ ಜಾಗ ತೋರಿಸಿದ್ದು ದೊಡ್ಡಮ್ಮ.

ಟೀಚರು ಮರಳಿ ಬಂದ ದಿನ ದೊಡ್ಡಪ್ಪ ತಾವೇ ಹೋಗಿ ಡಬ್ಬಿ ತಂದರು. ಅಂಗೈ ಮೇಲೆ ಮಿಡತೆಯನ್ನು ಇಟ್ಟುಕೊಂಡು ಇನ್ನೊಂದು ಕೈಯ ಬೆರಳಿನಿಂದ ಮೆಲ್ಲಗೆ ಸವರಿದರು. ಬೆರಳು ನಿಂತಿತು. ಬೆನ್ನಿನಲ್ಲಿ ತೂತು. ಇನ್ನೊಂದು ತೂತು. ಹಿಂಗಾಲೊಂದು ಬೆರಳು ತಾಗಿದ್ದೇ ತಡ ಕಳಚಿ ನೆಲಕ್ಕೆ ಬಿತ್ತು. ಮಡಿಸುವಾಗಲೇ ಹರಿದಿದೆ, ನನ್ನ ಬೆರಳಿಗೆ ಅದೂ ತಿಳಿಯಲಿಲ್ಲ ಎಂದು ಟೀಚರಿಗೆ ಹೇಳಿ, ಕ್ಷಮೆ ಕೇಳಿ, ಮಿಡತೆಯನ್ನು ಡಬ್ಬಿಗೆ ಹಾಕಿ ಒಳಗೆ ಹೋಗಿಬಿಟ್ಟರು. ಟೀಚರು ಮಾಡಿದ ಸಮಾಧಾನ ಖಾಲಿ ಕುರ್ಚಿಗೆ ಮಾಡಿದಂತಾಯಿತು.

ಮಡಿಸುವುದು ಅವತ್ತಿಗೆ ನಿಂತಿತು. ಪೊಟ್ಟಣ ಕಟ್ಟುವುದು ಕೂಡ ನಿಂತಿತು. ಕಣ್ಣು ಹೋದಾಗ ಅವರಿಗೆ ಬೆರಳಾದರೂ ಉಳಿದಿತ್ತು. ಈಗ ಅದರ ಮೇಲೂ ನಂಬಿಕೆ ಹೋಯಿತು. ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅಂಗಿಯ ಗುಂಡಿಯನ್ನು ಹಾಕಿಕೊಳ್ಳಲು ಹೆಂಡತಿಯನ್ನು ಕರೆಯತೊಡಗಿದರು. ಗಡಿಯಾರದ ಎಳ್ಳುಕಾಳಿನಂಥ ಸ್ಕ್ರೂ ಕೂರಿಸುತ್ತಿದ್ದ ಮನುಷ್ಯ ಅಂಗಿಯ ಗುಂಡಿಗೆ ಸೋತು ಕುಳಿತದ್ದನ್ನು ನೋಡಲಾಗದೆ ನಾನು ಆ ಹೊತ್ತಿಗೆ ಅಡುಗೆಮನೆ ಸೇರಿಕೊಳ್ಳುತ್ತಿದ್ದೆ.

ದೊಡ್ಡಮ್ಮ ಬೀರುವಿನ ತಳವನ್ನು ಖಾಲಿ ಮಾಡಿ ಟಾರ್ಚು ಬಿಟ್ಟು ನೋಡಿದಳು. ಮೂಲೆಯಿಂದ ಬೆಳ್ಳಿ ಬಣ್ಣದ, ಚಪ್ಪಟೆ ಮೈಯ ಹುಳು ಸರಸರನೆ ಓಡಿತು. ಹಳೆಯ ಪುಸ್ತಕಗಳಲ್ಲಿ, ಟ್ರಂಕುಗಳಲ್ಲಿ ಇರುತ್ತದಲ್ಲ, ಅದೇ. ಗಂಜಿ ಬಟ್ಟೆಯನ್ನು ಅದು ಹುಡುಕಿಕೊಂಡು ಬರುತ್ತದೆಂದು ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಹೋಟೆಲಿನಲ್ಲಿ ಬಟ್ಟೆ ಎರಡು ದಿನ ಒಂದೆಡೆ ಇರುತ್ತಿರಲಿಲ್ಲ, ಹಾಗಾಗಿ ಆ ಸಂಗತಿ ಅವಳ ತಲೆಗೇ ಬಂದಿರಲಿಲ್ಲ. ಗಂಜಿ ಹಾಕಿದ ಕಾಗದವನ್ನು ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಡುವುದೆಂದರೆ ಹುಳುವಿಗೆ ಎಲೆ ಹಾಕಿ ಬಡಿಸಿದಂತೆ. ಅವಳು ಟಾರ್ಚು ಆರಿಸಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ನಾನು ಕೂಡಲೇ ದೊಡ್ಡಪ್ಪನಿಗೆ ಹೇಳೋಣವೆಂದು ಎದ್ದೆ. ಅವಳು ನನ್ನ ಕೈ ಹಿಡಿದು ಎಳೆದಳು. ಮರ್ಯಾದೆಗೆ ಅಂಜಿ ಮುಚ್ಚಿಡುತ್ತಿದ್ದೀಯ, ಗಂಜಿಗೆ ಕೆಟ್ಟ ಹೆಸರು ಬರಬಾರದೆಂದು ಗಂಡನನ್ನು ಬಲಿಕೊಡುತ್ತಿದ್ದೀಯ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಎದುರಾಡಲಿಲ್ಲ. ನನಗೆ ಗಾಬರಿಯಾದದ್ದೇ ಆಗ.

"ಹುಳ ತಿಂತು ಅಂತ ನಾನು ಹೇಳಿದ್ರೆ ಏನಂತಾರೆ ಹೇಳು" ಅಂದಳು. "ಹೌದಾ ಅಂತಾರೆ. ಹನಿ ಹಾಕಿದ್ರೆ ಕಣ್ಣು ಬರುತ್ತೆ ಅಂದೋಳು ನಾನೇ ಅಲ್ವಾ. ನನ್ನ ಬಾಯಿಂದ ಬಂದಿದ್ದೆಲ್ಲ ಅವರಿಗೆ ಸಮಾಧಾನದ ಮಾತೇ."

ಹಾಗಾದರೆ ನಾನು ಹೇಳುತ್ತೇನೆ ಅಂದೆ. ನೀನೂ ನನ್ನ ಕಡೆಯವಳೇ ಅಲ್ಲವೇ, ನಾನೇ ಹೇಳಿಕೊಟ್ಟಿದ್ದೇನೆ ಅಂದುಕೊಳ್ಳುತ್ತಾರೆ ಅಂದಳು. ಟೀಚರು? ಆಕೆ ಸಮಾಧಾನ ಹೇಳುವುದಕ್ಕೇ ಸಂಬಳ ಪಡೆಯುವವಳು ಅಂದುಕೊಳ್ಳುತ್ತಾರೆ. ಕಣ್ಣಿದ್ದವರಿಗಾದರೆ ಹುಳುವನ್ನೇ ತೋರಿಸಬಹುದಿತ್ತು. ಈ ಮನುಷ್ಯ ಈಗ ನಂಬುತ್ತಿದ್ದರೆ ತನ್ನ ಬೆರಳನ್ನು ಮಾತ್ರ ನಂಬಬೇಕಿತ್ತು, ಅದನ್ನೂ ಬಿಟ್ಟು ಕುಳಿತಿದ್ದರು.

ದೊಡ್ಡಮ್ಮ ಹಠ ಹಿಡಿದಳು. ಮೊದಲು ಹುಳು ಮುಟ್ಟದ ಅಂಟೊಂದನ್ನು ಹುಡುಕಬೇಕು, ಅದರ ಹಾಳೆಯನ್ನೂ ಗಂಜಿಯ ಹಾಳೆಯನ್ನೂ ಒಟ್ಟಿಗೆ ಹುಳುವಿನ ಬಾಯಿಗೆ ಇಡಬೇಕು, ಆಮೇಲೆ ಎರಡನ್ನೂ ಅವರ ಕೈಗೆ ಕೊಡಬೇಕು. ಇಷ್ಟೆಲ್ಲ ಯಾಕೆ, ಒಂದು ಹಾಳೆಗೆ ಸೂಜಿಯಿಂದ ನಾಲ್ಕು ತೂತು ಮಾಡಿ ಹುಳು ತಿಂದದ್ದೆಂದು ಕೊಟ್ಟರಾಯಿತಲ್ಲ ಎಂದೆ ನಾನು. ಒಳ್ಳೆಯದಕ್ಕೇ ಹೇಳಿದ್ದು. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಸುಳ್ಳು ಒಂದು ಸಲ ಹೇಳಿ ಅನುಭವಿಸಿದ್ದು ಸಾಕು ಅಂದಳು. ಅದೂ ಅಲ್ಲದೆ ಸೂಜಿಯ ತೂತು ಯಾವುದು, ಹುಳುವಿನ ಹಲ್ಲು ಯಾವುದು ಎಂದು ತಿಳಿಯದ ಬೆರಳು ಅಂದುಕೊಂಡೆಯಾ ಅದನ್ನು ಎಂದು ಕೇಳಿದಳು. ಆ ಮನೆಯಲ್ಲಿ ಆ ಬೆರಳಿನ ಮೇಲೆ ನಂಬಿಕೆ ಉಳಿದಿದ್ದದ್ದು ಅವಳೊಬ್ಬಳಿಗೇ.

ಅಂಟು ಹುಡುಕುವ ಯಾತ್ರೆ ಶುರುವಾಯಿತು. ನನ್ನ ವಾರದ ರಜೆಗಳೆಲ್ಲ ಅದಕ್ಕೇ ಹೋದವು. ಸ್ಟೇಷನರಿ ಅಂಗಡಿಯ ಗೋಂದು ಬಳಿದರೆ ಟಿಶ್ಯೂ ಸುಕ್ಕುಗಟ್ಟಿ ಹಳದಿಗೆ ತಿರುಗಿತು. ಬಡಗಿಯವರು ಬಳಸುವ ಬಿಳಿ ಅಂಟು ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂತಾಯಿತು. ಮಡಿಸಿದರೆ ಸೆಡವು ಮಾಡಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ಪುಸ್ತಕಕ್ಕೆ ರಟ್ಟು ಕಟ್ಟುವವನ ಬಳಿ ಹೋದರೆ ಅವನದು ಮೈದಾ ಹಿಟ್ಟಿನ ಸರಿ, ಅಂದರೆ ಹುಳುವಿಗೆ ಇನ್ನೂ ಮೃಷ್ಟಾನ್ನ. ಪ್ರತಿ ಅಂಗಡಿಯಲ್ಲೂ ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆಸಿ ಬೆರಳು ಅದ್ದಿ, ಮೂಸಿ, ಬೆರಳುಗಳ ನಡುವೆ ಎಳೆ ಎಳೆದು ನೋಡಿ, ಇದನ್ನ ಹುಳ ತಿನ್ನುತ್ತಾ ಎಂದು ಕೇಳುತ್ತಿದ್ದಳು. ಅಂಗಡಿಯವರು ನನ್ನ ಮುಖ ನೋಡುತ್ತಿದ್ದರು. ನಾನು ಬೋರ್ಡು ಓದುವವಳಂತೆ ಬೇರೆ ಕಡೆ ತಿರುಗುತ್ತಿದ್ದೆ.

ಕೊನೆಗೆ ಅಂಟು ಸಿಕ್ಕಿದ್ದು ಅವಳ ಹಳೆಯ ಹೋಟೆಲಿನಲ್ಲೇ. ಜೊತೆಯಲ್ಲಿ ದುಡಿದವರಿಗೆ ಏನಾದರೂ ಗೊತ್ತಿರಬಹುದೆಂದು ಹೋದರೆ, ಎರಡನೇ ಮಹಡಿಯ ಓಣಿಯಲ್ಲಿ ಗೋಡೆಗೆ ಬಣ್ಣದ ಕಾಗದ ಅಂಟಿಸುವ ಕೆಲಸ ನಡೆದಿತ್ತು. ಉದ್ದನೆಯ ಮೇಜಿನ ಮೇಲೆ ಕಾಗದ ಮಗುಚಿ ಹಾಸಿ, ಬಕೆಟ್ಟಿನಿಂದ ಅಗಲ ಬ್ರಷ್ಷಿನಲ್ಲಿ ನೀರಿನಂತೆ ತಿಳಿಯಾದ, ಆದರೆ ಲೋಳೆಲೋಳೆಯಾದ ಏನನ್ನೋ ಒಬ್ಬ ಬಳಿಯುತ್ತಿದ್ದ. ದೊಡ್ಡಮ್ಮ ನೇರವಾಗಿ ಹೋಗಿ ಬಕೆಟ್ಟಿಗೆ ಕೈ ಅದ್ದಿದಳು. ಅವನು ಹೌಹಾರಿದ. ಹಿಟ್ಟಿನ ವಾಸನೆ ಇಲ್ಲ, ಬೆರಳಿಗೆ ಅಂಟಿ ಜಗ್ಗುವುದಿಲ್ಲ, ಜಾರುತ್ತದೆ. ಅವಳ ಪ್ರಶ್ನೆಗೆ ಅವನು ನಗಲಿಲ್ಲ. ಹಿಟ್ಟಿನ ಸರಿ ಹಾಕಿದ ಗೋಡೆಯಲ್ಲಿ ಹುಳು ಕಾಗದದ ಹಿಂದೆಯೇ ಸಂಸಾರ ಹೂಡುತ್ತದೆ, ಅದಕ್ಕೇ ನಾವು ಹಿಟ್ಟು ಬಿಟ್ಟು ಬಹಳ ಕಾಲವಾಯಿತು ಅಂದ. ಇದು ಮರದ ನಾರಿನಿಂದ ಮಾಡಿದ ಪುಡಿಯಂತೆ, ಹುಳುಗಳು ಇದನ್ನು ಅಷ್ಟಾಗಿ ಮೂಸುವುದಿಲ್ಲವಂತೆ. ಒಂದು ಪೊಟ್ಟಣ ಪುಡಿ ಕೊಟ್ಟು, ಹೇಗೆ ಕಲಸಬೇಕೆಂದು ಹೇಳಲು ಹೊರಟ. ಅಂಟು ಕಾಯಿಸುವುದನ್ನು ನನಗೆ ಹೇಳಿಕೊಡಬೇಡಪ್ಪ ಎಂದು ದೊಡ್ಡಮ್ಮ ಅವನ ಬಾಯಿ ಮುಚ್ಚಿಸಿ ನನ್ನನ್ನು ಎಳೆದುಕೊಂಡು ಬಂದಳು.

ಮನೆಗೆ ಬಂದು ಒಲೆಯ ಮೇಲೆ ನೀರಿಟ್ಟು, ಕೊತಕೊತ ಕುದಿಯುವಾಗ ಪುಡಿ ಸುರಿದು, ಕೈ ನೋಯುವ ತನಕ ತಿರುವಿದಳು. ಗಂಜಿಯಾಗಿದ್ದರೆ ಇಷ್ಟು ಹೊತ್ತಿಗೆ ಮಂದವಾಗಬೇಕಿತ್ತು. ಇದು ಮಂದವಾಗುವ ಮಾತೇ ಇಲ್ಲ. ಸುಣ್ಣದ ನೀರಿನಂತೆ ಬೆಳ್ಳಗೆ ಕದಡಿಕೊಂಡು, ಪುಡಿ ಪುಡಿಯಾಗಿಯೇ ಸುತ್ತುತ್ತಿತ್ತು. ಇನ್ನಷ್ಟು ಕಾಯಿಸಿದಳು. ಇನ್ನಷ್ಟು ಮೊಂಡು ಹಿಡಿಯಿತು. ಆ ಮನುಷ್ಯನಿಗೂ, ಅವನ ಬಕೆಟ್ಟಿಗೂ, ಅವನನ್ನು ಕೆಲಸಕ್ಕಿಟ್ಟ ಹೋಟೆಲಿಗೂ ಸಹಸ್ರನಾಮ ಮಾಡಿ, ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ, ಮಲಗಿಬಿಟ್ಟಳು. ಬೆಳಿಗ್ಗೆ ಚೆಲ್ಲಲು ನಾನು ಪಾತ್ರೆ ಎತ್ತಿದರೆ ಒಳಗೆ ಬಿಳುಪೇ ಇಲ್ಲ. ಪಾತ್ರೆಯ ತಳ ಕಾಣುವಷ್ಟು ತಿಳಿಯಾದ ಲೋಳೆ ಅಲ್ಲಾಡುತ್ತಿತ್ತು. ಬಿಸಿಯಲ್ಲಿ ಮುನಿದು ಕುಳಿತದ್ದು ತಣ್ಣಗಾದ ಮೇಲೆ ತಾನಾಗಿ ಕರಗಿತ್ತು. ದೊಡ್ಡಮ್ಮ ಬೆರಳದ್ದಿ ನೋಡಿದಳು. ಆಯುಷ್ಯವೆಲ್ಲ ಕುದಿಸಿದವಳಿಗೆ, ಕುದಿಸಬಾರದ ಅಂಟೂ ಉಂಟು ಎಂಬುದನ್ನು ಒಪ್ಪಲು ಒಂದು ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು. ಹೋಟೆಲಿಗೆ ಹಿಂತಿರುಗಿ ಅವನನ್ನು ಕೇಳಿದ್ದಕ್ಕೆ, ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಉದುರಿಸಿ ಸುಮ್ಮನೆ ಬಿಡಬೇಕು ಎಂದು ಹೇಳಲಿಕ್ಕೇ ಹೊರಟಿದ್ದೆ ಅಂದನಂತೆ.

ಹಾಳೆ ಒಣಗಿಸಲು ನುಣುಪಾದ ಜಾಗ ಬೇಕಿತ್ತು. ಬೀರುವಿನ ಬಾಗಿಲ ನಿಲುಗನ್ನಡಿಯೇ ಸರಿಯೆಂದು ತೀರ್ಮಾನವಾಯಿತು. ಟಿಶ್ಯೂವನ್ನು ಕನ್ನಡಿಗೆ ಹಿಡಿದು, ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಲೋಳೆ ಸವರುತ್ತಾ ಗುಳ್ಳೆಗಳನ್ನು ಹೊರಗಟ್ಟಿ, ಅದರ ಮೇಲೆ ಇನ್ನೊಂದು ಟಿಶ್ಯೂ ಇಟ್ಟು ಮತ್ತೆ ಸವರುವುದು. ಒಣಗಿದ ಮೇಲೆ ಮೂಲೆಯಲ್ಲಿ ಉಗುರು ಹಾಕಿ ಎತ್ತಿದರೆ ಎರಡೂ ಒಂದಾಗಿ, ತೆಳ್ಳಗೆ, ಗರಿಯಾಗಿ ಕಳಚಿ ಬರುತ್ತಿತ್ತು. ನಾನು ಎಷ್ಟೋ ದಿನ ಮುಖ ನೋಡಿಕೊಳ್ಳದೆ ಅಂಗಡಿಗೆ ಹೋದೆ. ಹಣೆಯ ಬೊಟ್ಟು ಹುಬ್ಬಿನ ಮೇಲೆ ಹೋಗಿ ಕುಳಿತಿದೆ ಎಂದು ಗಿರಾಕಿಯೊಬ್ಬಳು ಹೇಳಿದ ಮೇಲೆ ಕೈಗನ್ನಡಿ ಕೊಂಡುತಂದೆ.

ಆಮೇಲೆ ಹುಳುವಿನ ಪರೀಕ್ಷೆ. ಒಂದೇ ಅಳತೆಯ ಎರಡು ಹಾಳೆ, ಒಂದಕ್ಕೆ ಗಂಜಿ, ಒಂದಕ್ಕೆ ಹೊಸ ಅಂಟು, ಎರಡನ್ನೂ ಬೀರುವಿನ ಅದೇ ಮೂಲೆಯಲ್ಲಿಟ್ಟಳು. ನಾನು ಬಟ್ಟೆಗೆಂದು ತಂದ ನುಸಿಗುಳಿಗೆಯನ್ನು ಕಿತ್ತುಕೊಂಡು ಬೀದಿಗೆಸೆದಳು. ಒಂದು ಇರುವೆ ಕಂಡರೂ ಮನೆ ತೊಳೆಯುತ್ತಿದ್ದ ಹೆಂಗಸು ಈಗ ಹುಳು ಬಂತೇ, ಆರೋಗ್ಯವಾಗಿದೆಯೇ ಎಂದು ಟಾರ್ಚು ಬಿಟ್ಟು ವಿಚಾರಿಸುತ್ತಿದ್ದಳು. ಹುಳು ಎರಡನ್ನೂ ತಿಂದರೆ ಏನು ಮಾಡುತ್ತೀ ಎಂದು ಕೇಳಬೇಕೆಂದಿದ್ದವಳು ಕೇಳದೆ ಟಾರ್ಚಿಗೆ ಹೊಸ ಸೆಲ್ಲು ತಂದುಕೊಟ್ಟೆ. ಇತ್ತ ದೊಡ್ಡಪ್ಪ ಊಟವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಟೀಚರು ಬಂದರೆ ನಿದ್ದೆಯ ನೆಪ ಹೇಳಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಎರಡೂ ಹಾಳೆ ತಂದು ಅವರ ಮುಂದಿನ ಮೇಜಿನ ಮೇಲೆ ಇಟ್ಟಳು. ನನಗೆ ಹೊರಗೆ ಹೋಗೆಂದು ಕಣ್ಣಲ್ಲೇ ಹೇಳಿದಳು. ನಾನು ಹೋಗಲಿಲ್ಲ, ಬಾಗಿಲಲ್ಲಿ ನಿಂತೆ.

"ಇವು ಯಾರೂ ಮಡಿಸದ ಹಾಳೆ. ನೀವೂ ಮುಟ್ಟಿಲ್ಲ. ನಾನೇನೂ ಹೇಳಲ್ಲ, ನೀವೇ ಸವರಿ ನೋಡಿ" ಅಂದಳು.

ಅವರು ಕೈ ಮುಂದೆ ಮಾಡಲಿಲ್ಲ. ಅವಳು ಬೇಡಿಕೊಳ್ಳಲೂ ಇಲ್ಲ, ಕಾದಳು. ಕೆಳಗೆ ಅಂಗಡಿಗೆ ರಜೆ, ಎಲ್ಲೂ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಅವರ ಬಲಗೈ ಮೇಜಿನ ಅಂಚಿನಿಂದ ತೆವಳಿಕೊಂಡು ಹೋಗಿ ಮೊದಲ ಹಾಳೆಯ ಮೇಲೆ ಕುಳಿತಿತು. ಬೆರಳು ಒಂದು ತೂತಿಗೆ ಬಂತು. ಹಿಂದಕ್ಕೆ ಸರಿಯಿತು. ಮತ್ತೆ ಬಂತು, ಈ ಸಲ ತೂತಿನ ಸುತ್ತ ಒಂದು ಸುತ್ತು ಹಾಕಿತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಅಂಗಡಿಯಲ್ಲಿ ಭೂತಗನ್ನಡಿ ಹಾಕಿಕೊಂಡಾಗ ಹೀಗೇ ಕೂರುತ್ತಿದ್ದರೆಂದು ದೊಡ್ಡಮ್ಮ ಆಮೇಲೆ ಹೇಳಿದಳು.

"ತೂತಿನ ಸುತ್ತ ತೆಳ್ಳಗಾಗಿದೆ" ಅಂದರು. "ಇದು ಹರಿದದ್ದಲ್ಲ. ಕೆರೆದಿರೋದು."

ಎರಡನೆಯ ಹಾಳೆಯನ್ನು ಸವರಿದರು. ಮೂಲೆಯಿಂದ ಮೂಲೆಗೆ, ಬೆನ್ನು ತಿರುಗಿಸಿ ಮತ್ತೆ. ಅದರಲ್ಲಿ ಒಂದು ಗೀರೂ ಇರಲಿಲ್ಲ. ಆಮೇಲೆ ಮಿಡತೆ ಎಲ್ಲಿ ಎಂದು ಕೇಳಿದರು. ದೊಡ್ಡಮ್ಮ ಡಬ್ಬಿ ತಂದುಕೊಟ್ಟಳು. ಕಳಚಿಬಿದ್ದ ಕಾಲಿನ ತುದಿಯನ್ನು, ಬೆನ್ನಿನ ತೂತುಗಳ ಅಂಚನ್ನು ಉಗುರಿನಿಂದ ಓದುವಂತೆ ನೋಡಿದರು.

"ಇಲ್ಲೂ ಹಂಗೇ ಇದೆ. ಅವತ್ತು ನಾನು ಸರಿಯಾಗಿ ಮುಟ್ಟೇ ನೋಡಲಿಲ್ಲ." ಕಾಲನ್ನು ಡಬ್ಬಿಗೆ ಹಾಕಿ ಕೇಳಿದರು. "ಹಾಗಾದ್ರೆ ನನ್ನ ಕೈ ಅಲ್ಲ?"

"ನಿಮ್ಮ ಕೈ ಅಲ್ಲ. ನನ್ನ ಗಂಜಿ. ಹುಳ ತಿಂದಿದ್ದು. ನನಗೆ ಅವತ್ತೇ ಗೊತ್ತಾಯ್ತು."

"ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ದೊಡ್ಡಪ್ಪ ಯೋಚಿಸಿದರು. ಇಲ್ಲ ಅಂದರು. ದೊಡ್ಡಮ್ಮ ಅವರ ಎದುರು ಕುಳಿತುಕೊಂಡಳು. ಗಂಜಿ ಹಾಕಿದ ಸೆರಗು ಮಂಡಿಯ ಮೇಲೆ ಸೆಟೆದು ನಿಂತಿತ್ತು, ಅದನ್ನು ಒತ್ತಿ ಒತ್ತಿ ಕೂರಿಸುತ್ತಿದ್ದಳು. ಕಣ್ಣಿನ ವಿಷಯದಲ್ಲಿ ತಾನು ಹೇಳಿದ್ದು ಸುಳ್ಳೆಂದು, ಡಾಕ್ಟರು ಮೊದಲ ದಿನವೇ ನಿಜ ಹೇಳಿದ್ದರೆಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರ ಮುಖ ನೋಡಿ ಬಾಯಿ ಬರಲಿಲ್ಲವೆಂದು ಹೇಳಿದಳು. ಅಷ್ಟು ವರ್ಷ ಇಬ್ಬರಿಗೂ ಗೊತ್ತಿದ್ದ ಮಾತು ಆ ಮನೆಯಲ್ಲಿ ಬಾಯಿಂದ ಹೊರಬಿದ್ದದ್ದು ಅವತ್ತೇ ಮೊದಲು. ದೊಡ್ಡಪ್ಪ ಕ್ಷಮಿಸಿದೆ ಅನ್ನಲಿಲ್ಲ, ಹೌದಾ ಅಂತಲೂ ಅನ್ನಲಿಲ್ಲ. ಹೊಸ ಹಾಳೆಯನ್ನು ಎತ್ತಿ ಕಿವಿಯ ಬಳಿ ಹಿಡಿದು ಬೆರಳಿನಿಂದ ಚಿಮ್ಮಿ ಸದ್ದು ಕೇಳಿದರು. ಮೂಲೆಗೆ ಮೂಲೆ ಕೂಡಿಸಿ, ಮಡಿಕೆಯ ಮೇಲೆ ಉಗುರು ಎಳೆದರು. ಇನ್ನೊಂದು ಮಡಿಕೆ. ಅಲ್ಲಿ ನಿಂತರು.

"ಈ ಮೂಲೇಲಿ ಅಂಟು ಗಂಟು ಕಟ್ಟಿದೆ. ಇದರಲ್ಲಿ ಕಾಲು ಬರಲ್ಲ. ಇನ್ನೊಂದು ಹಾಳೆ ಮಾಡು."

ತನ್ನ ಕೆಲಸದಲ್ಲಿ ಕೊಂಕು ತೆಗೆದವರನ್ನು ದೊಡ್ಡಮ್ಮ ಸುಮ್ಮನೆ ಬಿಟ್ಟದ್ದನ್ನು ನಾನು ಕಂಡವಳಲ್ಲ. ಈಗ ಮನೆ ಹಾರಿಹೋಗುತ್ತದೆ ಅಂದುಕೊಂಡೆ. ಅವಳು ಹಾಳೆ ಇಸಿದುಕೊಂಡು ಆ ಮೂಲೆಯನ್ನು ತಾನೂ ಸವರಿದಳು.

"ಹೌದು, ಗಂಟಿದೆ" ಅಂದಳು.

ದೊಡ್ಡಪ್ಪ ತಲೆ ಓರೆ ಮಾಡಿದರು. "ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಸಮಾಧಾನಕ್ಕೆ ಹೇಳೋದಾಗಿದ್ರೆ ಹಾಳೆ ಚೆನ್ನಾಗಿದೆ, ನಿಮಗೇ ಗೊತ್ತಾಗ್ತಿಲ್ಲ ಅಂತಿದ್ದೆ."

ಅವರು ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ಗಟ್ಟಿಯಾಗಿ ನಕ್ಕದ್ದನ್ನು ಕೇಳಿಯೇ ಇರಲಿಲ್ಲ. "ಹಾಗಾದ್ರೆ ಬೇಗ ಮಾಡ್ಕೊಂಡು ಬಾ" ಎಂದು, ಮೇಜಿನ ಮೇಲೆ ಅಂಗೈಯಾಡಿಸಿ ಜಾಗ ಮಾಡಿಕೊಳ್ಳತೊಡಗಿದರು.